ಓಲೆಗರಿಗಳ ಕಾವಲುಗಾರ: ರಾವ್‌ಬಹದ್ದೂರ್ ಫ. ಗು. ಹಳಕಟ್ಟಿಯವರ ಜೀವನ

ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸಿದಾಗ ಅದನ್ನು ಕಟ್ಟಿದವರನ್ನೂ ಅದರಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಉಪದೇಶಿಗಳನ್ನೂ ಸ್ಮರಿಸುವುದು ನಮ್ಮ ಮೊದಲ ಕರ್ತವ್ಯ. ಆ ಸ್ಮರಣೆ ಈ ಸಂಚಿಕೆಯ ಬೇರೆ ಪುಟಗಳಲ್ಲಿ ನಡೆದಿದೆ. ಈ ಲೇಖನದಲ್ಲಿ ನಾವು ನಮ್ಮ ಧರ್ಮಸಭೆಗೆ ಸೇರದ, ಆದರೆ ನಮ್ಮ ನಾಡಿಗೆಲ್ಲ ಸೇರಿದ ಒಬ್ಬ ಮಹನೀಯರ ಜೀವನವನ್ನು ಓದುಗರ ಮುಂದಿಡಲು ಬಯಸುತ್ತೇವೆ. ಅವರು ವಿಜಯಪುರದ ವಕೀಲರಾಗಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಸಂಗ್ರಾಹಕರು, ಸಂಪಾದಕರು, ಪರೋಪಕಾರಿಗಳು ಎಂಬ ಮೂರು ಹೆಸರುಗಳಿಗೂ ಸಮನಾಗಿ ಸಲ್ಲುವವರು ಕನ್ನಡ ನಾಡಿನಲ್ಲಿ ವಿರಳ. ಅಂಥವರ ಸಾಲಿನಲ್ಲಿ ಹಳಕಟ್ಟಿಯವರದು ಮೊದಲ ಸ್ಥಾನ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನಮ್ಮ ಕಥೋಲಿಕ ಕುಟುಂಬಗಳು ಎಣಿಕೆಯಲ್ಲಿ ಅಲ್ಪ. ನಮ್ಮ ನೆರೆಹೊರೆಯವರಲ್ಲಿ ಬಹುಮಂದಿ ಶರಣರ ಪರಂಪರೆಯವರು. ಕೊಟ್ಟೂರೇಶ್ವರರ ತೇರು ಎಳೆಯುವ ದಿನ ಊರಿಗೆ ಊರೇ ಹೊರಡುವುದನ್ನು ನಮ್ಮ ಮಕ್ಕಳು ಕಣ್ಣಾರೆ ಕಂಡು ಬೆಳೆಯುತ್ತಾರೆ; ಶಾಲೆಯಲ್ಲಿ ಬಸವಣ್ಣನವರ, ಅಕ್ಕಮಹಾದೇವಿಯವರ ವಚನಗಳನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಆ ವಚನಗಳು ಪಠ್ಯಪುಸ್ತಕದ ಪುಟಕ್ಕೆ ಬಂದುದು ಹೇಗೆಂಬುದನ್ನು ಬಲ್ಲವರು ಕಡಿಮೆ. ಒಂದು ನೂರು ವರ್ಷಗಳ ಹಿಂದೆ ಅವುಗಳಲ್ಲಿ ಬಹುಪಾಲು ಹಳೆಯ ಮನೆಗಳ ಅಟ್ಟದ ಮೇಲೆ, ಮಠಗಳ ಮೂಲೆಯಲ್ಲಿ, ಹುಳು ತಿನ್ನುತ್ತಿದ್ದ ಓಲೆಗರಿಗಳಲ್ಲಿ ಅಡಗಿದ್ದವು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ಅದಕ್ಕೆ ಕೆಲವೇ ವರ್ಷಗಳ ಹಿಂದೆ, 1876ರಿಂದ 1878ರವರೆಗೆ, ದಕ್ಷಿಣ ಭಾರತವನ್ನು ಆವರಿಸಿದ ಮಹಾ ಕ್ಷಾಮವು ವಿಜಯಪುರ ಸೀಮೆಯನ್ನೂ ನಮ್ಮ ಬಳ್ಳಾರಿ ಸೀಮೆಯನ್ನೂ ಒಂದೇ ಸಮನಾಗಿ ಹಿಂಡಿಹಾಕಿತ್ತು. ಊರುಗಳು ಹಾಳಾಗಿದ್ದವು. ಆ ಬರದ ನೆನಪು ಇನ್ನೂ ಹಸಿಯಾಗಿದ್ದ ನಾಡಿನಲ್ಲಿ ಅವರು ಬೆಳೆದರು. ಮುಂದೆ ಅವರು ಪುಸ್ತಕದ ಕೆಲಸದ ಜೊತೆಜೊತೆಗೇ ಬ್ಯಾಂಕು, ಶಾಲೆ, ನೇಕಾರರ ಸಂಘಗಳ ಕೆಲಸಕ್ಕೂ ಕೈಹಾಕಿದುದನ್ನು ತಿಳಿಯಬೇಕಾದರೆ ಈ ಹಿನ್ನೆಲೆಯನ್ನು ಮರೆಯಬಾರದು.

ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಪುಸ್ತಕಗಳನ್ನು ಬರೆದವರು. ಅಂದಿನ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯ ಪ್ರಭಾವ ಬಲವಾಗಿತ್ತು. ಕನ್ನಡದಲ್ಲಿ ಬರೆಯುವುದೇ ಒಂದು ವ್ರತವೆಂಬ ಕಾಲವದು. ತಾಯಿ ಮಗುವಿನ ಎಳವೆಯಲ್ಲಿಯೇ ತೀರಿಕೊಂಡುದರಿಂದ ಅಜ್ಜಿಯ ಆರೈಕೆಯಲ್ಲಿ ಬಾಲಕನು ಬೆಳೆದನು. 1896ರಲ್ಲಿ ಮೆಟ್ರಿಕ್ ಪರೀಕ್ಷೆಯಲ್ಲಿ ಉತ್ತೀರ್ಣನಾಗಿ ಉನ್ನತ ವ್ಯಾಸಂಗಕ್ಕೆಂದು ಮುಂಬಯಿಗೆ ತೆರಳಿ ಸಂತ ಝೇವಿಯರ್ ಕಾಲೇಜನ್ನು ಸೇರಿದನು.

ಈ ಕಾಲೇಜು ಯೇಸುಸಭೆಯ ಗುರುಗಳು 1869ರಲ್ಲಿ ಸ್ಥಾಪಿಸಿದ ವಿದ್ಯಾಸಂಸ್ಥೆ ಎಂಬುದನ್ನು ನಮ್ಮ ಓದುಗರು ಸಂತೋಷದಿಂದ ಗಮನಿಸುವರು. ಕಥೋಲಿಕ ಗುರುಗಳ ಕಾಲೇಜಿನಲ್ಲಿ ಕಲಿತ ತರುಣನು ಮುಂದೆ ಶರಣ ಸಾಹಿತ್ಯದ ಉದ್ಧಾರಕನಾದನು. ವಿದ್ಯೆಯು ಒಬ್ಬನನ್ನು ತನ್ನ ಮನೆಯಿಂದ ದೂರ ಒಯ್ಯಲೂಬಹುದು, ತನ್ನ ಮನೆಯ ನಿಧಿಯನ್ನು ಕಾಣುವ ಕಣ್ಣನ್ನು ಕೊಡಲೂಬಹುದು. ಹಳಕಟ್ಟಿಯವರ ವಿಷಯದಲ್ಲಿ ಎರಡನೆಯದು ನಡೆಯಿತು. ಮುಂಬಯಿಯಲ್ಲಿ ಮರಾಠಿಗರೂ ಗುಜರಾತಿಗಳೂ ತಮ್ಮ ತಮ್ಮ ಭಾಷೆಯ ಬಗ್ಗೆ ತಾಳಿದ್ದ ಅಭಿಮಾನವನ್ನು ಅವರು ಕಂಡರು. ಕನ್ನಡದ ಅಂದಿನ ದೈನ್ಯವನ್ನು ನೆನೆದು ನೊಂದರು. ಪದವಿಯ ನಂತರ ಕಾನೂನನ್ನು ಅಭ್ಯಸಿಸಿ, 1904ರಲ್ಲಿ ಆ ಪರೀಕ್ಷೆಯನ್ನೂ ಮುಗಿಸಿ, ವಿಜಯಪುರದಲ್ಲಿ ವಕೀಲಿ ವೃತ್ತಿಯನ್ನು ಹಿಡಿದರು. ವೃತ್ತಿ ಕೈಹಿಡಿಯಿತು, ಸರಕಾರಿ ವಕೀಲರ ಹುದ್ದೆಯೂ ಬಂದಿತು. ಮನಸ್ಸು ಮಾಡಿದ್ದರೆ ಅವರು ಸುಖವಾಗಿ, ಸಿರಿವಂತರಾಗಿ ಬಾಳಬಹುದಾಗಿತ್ತು.

ಓಲೆಗರಿಗಳ ಬೆನ್ನು ಹತ್ತಿ

ವೃತ್ತಿಯ ಆರಂಭದ ಆ ದಿನಗಳಲ್ಲಿಯೇ ರಬಕವಿ-ಬನಹಟ್ಟಿಯ ಕಡೆಯ ಮನೆಯೊಂದರಲ್ಲಿ ಅವರಿಗೆ ಕೆಲವು ಓಲೆಗರಿಯ ಕಟ್ಟುಗಳು ಕಣ್ಣಿಗೆ ಬಿದ್ದವು. ಬಿಚ್ಚಿ ನೋಡಿದರೆ ಶರಣರ ವಚನಗಳು. ಅಂದಿನಿಂದ ಅವರ ಬಾಳಿಗೆ ಹೊಸ ದಿಕ್ಕು ದೊರೆಯಿತು.

ಓಲೆಗರಿ ಎಂದರೇನೆಂಬುದನ್ನು ಇಂದಿನ ಮಕ್ಕಳಿಗೆ ವಿವರಿಸಿ ಹೇಳಬೇಕು. ತಾಳೆಯ ಗರಿಯನ್ನು ಹದಮಾಡಿ, ಒಂದೇ ಅಳತೆಗೆ ಕತ್ತರಿಸಿ, ಕಂಠವೆಂಬ ಕಬ್ಬಿಣದ ಮೊನೆಯಿಂದ ಅದರ ಮೇಲೆ ಅಕ್ಷರಗಳನ್ನು ಕೊರೆಯುತ್ತಿದ್ದರು. ಅನಂತರ ಮಸಿಯನ್ನು ತಿಕ್ಕಿದರೆ ಕೊರೆದ ಗೆರೆಗಳು ಕಪ್ಪಾಗಿ ಕಾಣುತ್ತಿದ್ದವು. ಗರಿಗಳಿಗೆ ತೂತು ಕೊರೆದು, ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆಯಿಟ್ಟು ಕಟ್ಟುತ್ತಿದ್ದರು. ಇಂಥ ಕಟ್ಟು ಎಚ್ಚರಿಕೆಯಿಂದ ಕಾಪಾಡಿದರೆ ಕೆಲವು ಶತಮಾನಗಳವರೆಗೆ ಬಾಳುತ್ತದೆ. ಅಲಕ್ಷ್ಯ ಮಾಡಿದರೆ ಗೆದ್ದಲು, ಹುಳು, ತೇವಗಳಿಗೆ ಬೇಗನೆ ತುತ್ತಾಗುತ್ತದೆ. ಒಬ್ಬ ತಲೆಮಾರಿನವರು ಪುನಃ ಪ್ರತಿ ಮಾಡದಿದ್ದರೆ ಮುಂದಿನ ತಲೆಮಾರಿಗೆ ಆ ಗ್ರಂಥವೇ ಇಲ್ಲ. ಮುದ್ರಣ ಬಂದ ಮೇಲೆ ಪ್ರತಿ ಮಾಡುವ ರೂಢಿ ನಿಂತಿತು. ಆದರೆ ವಚನಗಳು ಇನ್ನೂ ಅಷ್ಟಾಗಿ ಮುದ್ರಣಕ್ಕೆ ಬಂದಿರಲಿಲ್ಲ. ಈ ಎರಡರ ನಡುವಿನ ಬಿರುಕಿನಲ್ಲಿ ಬಿದ್ದು ಒಂದು ಸಾಹಿತ್ಯವೇ ಅಳಿದುಹೋಗುವ ಭಯವಿತ್ತು.

ಹಳಕಟ್ಟಿಯವರು ಊರೂರು ತಿರುಗಿದರು. ಕೋರ್ಟಿನ ಕೆಲಸ ಮುಗಿದೊಡನೆ, ರಜೆ ಬಂದೊಡನೆ, ಮಠಗಳಿಗೂ ಹಳೆಯ ಮನೆತನಗಳಿಗೂ ಹೋಗಿ ಕಟ್ಟುಗಳನ್ನು ಕೇಳಿದರು. ಕೆಲವರು ಅವನ್ನು ದೇವರ ಕೋಣೆಯಲ್ಲಿಟ್ಟು ಪೂಜಿಸುತ್ತಿದ್ದರಾದ್ದರಿಂದ ಹೊರಗೆ ಕೊಡಲು ಒಪ್ಪುತ್ತಿರಲಿಲ್ಲ. ಇನ್ನು ಕೆಲವರಿಗೆ ಅದು ಬೇಡವಾದ ಕಸ. ಪೂಜೆಯೂ ಉಪೇಕ್ಷೆಯೂ ಗ್ರಂಥಕ್ಕೆ ಒಂದೇ ಬಗೆಯ ಹಾನಿಯನ್ನು ಮಾಡಬಲ್ಲವು, ಏಕೆಂದರೆ ಎರಡರಲ್ಲಿಯೂ ಯಾರೂ ಅದನ್ನು ತೆರೆದು ಓದುವುದಿಲ್ಲ. ಹಳಕಟ್ಟಿಯವರು ಕೆಲವನ್ನು ಬೇಡಿ ತಂದರು, ಕೆಲವನ್ನು ಕೊಂಡು ತಂದರು, ಕೊಡದೆ ಇದ್ದ ಕಡೆ ಪ್ರತಿ ಮಾಡಿಕೊಂಡರು. 1920ರ ಸುಮಾರಿಗೆ ಅವರ ಮನೆಯಲ್ಲಿ ಸುಮಾರು ಒಂದು ಸಾವಿರ ಕಟ್ಟುಗಳು ಸೇರಿದ್ದವೆಂದು ಹೇಳುತ್ತಾರೆ.

ಸಂಗ್ರಹಕ್ಕಿಂತ ಸಂಪಾದನೆಯ ಕೆಲಸ ಕಷ್ಟತರವಾದುದು. ಓಲೆಯಲ್ಲಿ ಪದಗಳ ನಡುವೆ ಬಿಡುವಿಲ್ಲ. ವಾಕ್ಯ ಮುಗಿದುದು ಎಲ್ಲಿ ಎಂಬ ಗುರುತಿಲ್ಲ. ಒಬ್ಬ ಲಿಪಿಕಾರ ಮಾಡಿದ ತಪ್ಪನ್ನು ಮುಂದಿನವನು ಹಾಗೆಯೇ ಇಳಿಸಿರುತ್ತಾನೆ. ಆದುದರಿಂದ ಹಲವು ಪ್ರತಿಗಳನ್ನು ಎದುರಿಗಿಟ್ಟು ಹೋಲಿಸಿ ಸರಿಯಾದ ಪಾಠವನ್ನು ಗೊತ್ತುಪಡಿಸಬೇಕು. ಯಾವ ವಚನ ಯಾರದು ಎಂಬುದನ್ನು ಅದರ ಕೊನೆಯ ಅಂಕಿತದಿಂದ ತಿಳಿಯಬೇಕು: ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಗುಹೇಶ್ವರ ಎಂದರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ, ರಾಮನಾಥ ಎಂದರೆ ಜೇಡರ ದಾಸಿಮಯ್ಯ. ಹೀಗೆ ಸಾವಿರಾರು ವಚನಗಳನ್ನು ಒಂದೊಂದಾಗಿ ಓದಿ, ಬೇರ್ಪಡಿಸಿ, ವಿಷಯಾನುಸಾರವಾಗಿ ಜೋಡಿಸಿ ಅವರು ಸಿದ್ಧಪಡಿಸಿದ ಗ್ರಂಥವೇ ವಚನಶಾಸ್ತ್ರಸಾರ.

ಮುದ್ರಣಾಲಯದ ಕಥೆ

ಈ ಗ್ರಂಥವನ್ನು ಅಚ್ಚು ಹಾಕಿಸಲು ಅವರು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದರೆಂದೂ, ಅಲ್ಲಿನವರು ಅದನ್ನು ಓದಿ, ತಾವು ಈ ನಾಡಿಗೆ ಬೋಧಿಸಲು ಬಂದ ಸಂಗತಿಗಳೇ ಇದರಲ್ಲಿ ಇರುವುದನ್ನು ಕಂಡು, ಹಸ್ತಪ್ರತಿಯನ್ನು ಹಿಂದಿರುಗಿಸಿದರೆಂದೂ ಒಂದು ಮಾತು ಪ್ರಚಾರದಲ್ಲಿದೆ. ಕಿಟ್ಟೆಲ್ ಪಂಡಿತರ ಕನ್ನಡ ನಿಘಂಟನ್ನು 1894ರಲ್ಲಿ ಅಚ್ಚುಮಾಡಿ ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದ ಪ್ರೊಟೆಸ್ಟಂಟ್ ಬಂಧುಗಳ ಮುದ್ರಣಾಲಯವದು. ಜನರ ಬಾಯಲ್ಲಿ ಈ ಕಥೆ ಉಳಿದುಬಂದಿರುವುದಕ್ಕೆ ಕಾರಣವನ್ನು ನಾವು ಹೀಗೆ ಕಾಣುತ್ತೇವೆ: ದೇವರ ಮುಂದೆ ಮೇಲುಕೀಳಿಲ್ಲ, ದುಡಿದು ಉಣ್ಣಬೇಕು, ಉಂಡುದರಲ್ಲಿ ಹಂಚಬೇಕು ಎಂಬ ಬೋಧೆ ಎರಡೂ ಕಡೆ ಇರುವುದನ್ನು ಜನ ಗುರುತಿಸಿದ್ದಾರೆ.

ಕಡೆಗೆ ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಗಿ ಹೊರಬಂದಿತು. ಆದರೆ ಇಷ್ಟೊಂದು ಸಾಮಗ್ರಿಯನ್ನು ಪರರ ಮುದ್ರಣಾಲಯವನ್ನು ನಂಬಿಕೊಂಡು ಹೊರತರಲು ಸಾಧ್ಯವಿಲ್ಲವೆಂದು ಅವರಿಗೆ ಮನದಟ್ಟಾಯಿತು. ಆಗ ಅವರು ಮಾಡಿದ ಕೆಲಸವನ್ನು ಲೋಕವ್ಯವಹಾರ ಬಲ್ಲವರು ಮಾಡಲಾರರು. ತಾವು ವಾಸವಾಗಿದ್ದ ಸ್ವಂತ ಮನೆಯನ್ನು ಮಾರಿದರು. ಆ ಹಣದಿಂದ 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಆರಂಭಿಸಿದರು. ತಾವು ಬಾಡಿಗೆ ಮನೆಗೆ ಹೋದರು. ಶರಣರ ವಚನಗಳಿಗೆ ಮನೆಯಾಯಿತು, ಅವುಗಳ ಸಂಪಾದಕರಿಗೆ ಮನೆಯಿಲ್ಲವಾಯಿತು.

1926ರಲ್ಲಿ ಶಿವಾನುಭವವೆಂಬ ಪತ್ರಿಕೆಯನ್ನೂ, 1927ರಲ್ಲಿ ನವಕರ್ನಾಟಕವೆಂಬ ವಾರಪತ್ರಿಕೆಯನ್ನೂ ಅವರು ಹೊರಡಿಸಿದರು. ಶಿವಾನುಭವವನ್ನು ಮೂರು ದಶಕಗಳಿಗೂ ಮಿಕ್ಕಿ ನಡೆಸಿದರು. ಲೇಖನ ಬರೆಯುವುದು, ಕರಡು ತಿದ್ದುವುದು, ಚಂದಾ ಕೂಡಿಸುವುದು ಎಲ್ಲವೂ ಅವರ ಹೆಗಲಿಗೇ ಬೀಳುತ್ತಿತ್ತು. ಹಳೆಯ ಕೋಟು ತೊಟ್ಟು ಸೈಕಲ್ ಮೇಲೆ ಹೋಗುತ್ತಿದ್ದ ಈ ವಕೀಲರನ್ನು ವಿಜಯಪುರದ ಹಿರಿಯರು ಬಹುಕಾಲ ನೆನೆಯುತ್ತಿದ್ದರು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ವಿಜಯಪುರಕ್ಕೆ ಬಂದಾಗ, ಗೋಲ ಗುಮ್ಮಟವನ್ನು ನೋಡುವುದಕ್ಕೆ ಮೊದಲು ವಚನಗಳ ಗುಮ್ಮಟವಾದ ಹಳಕಟ್ಟಿಯವರನ್ನು ನೋಡಬೇಕೆಂದು ಬಯಸಿದರೆಂಬ ಪ್ರಸಂಗವನ್ನು ಇಂದಿಗೂ ಹೇಳುತ್ತಾರೆ.

ಅವರ ದುಡಿಮೆಯ ಫಲವೇನು? ಅದಕ್ಕೆ ಮೊದಲು ವಿದ್ವಾಂಸರಿಗೆ ಪರಿಚಿತರಾಗಿದ್ದ ವಚನಕಾರರು ಸುಮಾರು ಐವತ್ತು ಮಂದಿ. ಹಳಕಟ್ಟಿಯವರ ಶೋಧನೆಯಿಂದ ಆ ಸಂಖ್ಯೆ ಇನ್ನೂರನ್ನು ದಾಟಿತು. ಅವರಲ್ಲಿ ಅರಸರ ಮಂತ್ರಿ ಒಬ್ಬರಾದರೆ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಿದಿರಿನ ಕೆಲಸದ ಮೇದರ ಕೇತಯ್ಯ, ಚೆಲ್ಲಿದ ಅಕ್ಕಿ ಆಯ್ದು ಜೀವಿಸುತ್ತಿದ್ದ ಆಯ್ದಕ್ಕಿ ಮಾರಯ್ಯನ ಹೆಂಡತಿ ಲಕ್ಕಮ್ಮ ಇಂಥವರು ಹಲವರು. ಕೂಲಿಯವರ, ಹೆಣ್ಣುಮಕ್ಕಳ ಬಾಯಿಂದ ಹೊರಟ ಮಾತು ಎಂಟು ಶತಮಾನಗಳ ನಂತರ ನಮ್ಮ ಕಿವಿಗೆ ಬೀಳುವಂತಾದುದು ಸಾಮಾನ್ಯ ಸಂಗತಿಯಲ್ಲ. ಹಂಪೆಯ ಕವಿ ಹರಿಹರನ ರಗಳೆಗಳನ್ನೂ ಅವರು ಸಂಪಾದಿಸಿ ಪ್ರಕಟಿಸಿದರು. ಮುಂದಿನ ವಿದ್ವಾಂಸರು ಅವರ ಪಾಠಗಳನ್ನು ತಿದ್ದಿದ್ದಾರೆ, ಬೆಳೆಸಿದ್ದಾರೆ. ಅದು ವಿದ್ಯೆಯ ಸಹಜ ಮಾರ್ಗ. ಆದರೆ ತಿದ್ದಲು ಏನಾದರೂ ಉಳಿದಿದ್ದುದು ಅವರು ಮೊದಲು ಕೂಡಿಟ್ಟಿದ್ದರಿಂದ.

ನಮ್ಮ ಸೀಮೆಯ ಸಂಬಂಧ

ಈ ಕಥೆಯಲ್ಲಿ ನಮ್ಮ ಸೀಮೆಗೂ ಪಾಲುಂಟು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಚದುರಿಹೋದ ಮೇಲೆ ವಚನಗಳೂ ಚದುರಿದವು. ಅವನ್ನು ಮತ್ತೆ ಕೂಡಿಸುವ ಮಹತ್ಕಾರ್ಯ ನಡೆದುದು ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ. 1424ರಿಂದ 1446ರವರೆಗೆ ಅವನ ಆಳ್ವಿಕೆ. ಲಕ್ಕಣ್ಣ ದಂಡೇಶ, ಜಕ್ಕಣಾರ್ಯರಂಥ ಅಧಿಕಾರಿಗಳೂ ವಿರಕ್ತರೂ ಸೇರಿ ವಚನಗಳನ್ನು ಸಂಕಲಿಸಿದರು, ವ್ಯಾಖ್ಯಾನಿಸಿದರು. ಹೂವಿನ ಹಡಗಲಿಯಿಂದ ಹೂವು ಹಂಪೆಗೆ ಸಾಗುತ್ತಿತ್ತೆಂದು ಹೆಮ್ಮೆಪಡುವ ನಾವು, ಅದೇ ಹಂಪೆಯಲ್ಲಿ ವಚನಗಳನ್ನೂ ಹೂವಿನಂತೆ ಮಾಲೆ ಕಟ್ಟಿದರೆಂಬುದನ್ನು ನೆನೆಯಬೇಕು. ಅದಾಗಿ ಐದು ಶತಮಾನಗಳು ಕಳೆದ ಮೇಲೆ, ಅರಸರ ಬೆಂಬಲವಿಲ್ಲದೆ, ಒಬ್ಬ ವಕೀಲರು ಅದೇ ಕೆಲಸವನ್ನು ಎರಡನೆಯ ಸಲ ಮಾಡಿದರು.

1926ರಲ್ಲಿ ಬಳ್ಳಾರಿಯಲ್ಲಿ ಹನ್ನೆರಡನೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅದರ ಅಧ್ಯಕ್ಷರಾಗಿ ಆರಿಸಿಬಂದವರು ಹಳಕಟ್ಟಿಯವರೇ. ಆಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಆ ಜಿಲ್ಲೆಯ ತಾಲ್ಲೂಕುಗಳು. ವಿಜಯಪುರವು ಮುಂಬಯಿ ಪ್ರಾಂತದಲ್ಲಿತ್ತು. ಒಂದೇ ಮಾತನ್ನಾಡುವವರು ಬೇರೆ ಬೇರೆ ಸರಕಾರಗಳ ಕೆಳಗೆ ಹಂಚಿಹೋಗಿದ್ದಾಗ, ಮುಂಬಯಿ ಪ್ರಾಂತದ ಕನ್ನಡಿಗರೊಬ್ಬರು ಮದ್ರಾಸ್ ಪ್ರಾಂತದ ಕನ್ನಡಿಗರ ನಡುವೆ ಬಂದು ಅಧ್ಯಕ್ಷಪೀಠದಲ್ಲಿ ಕುಳಿತುದು ನಾಡು ಒಂದಾಗಬೇಕೆಂಬ ಹಂಬಲಕ್ಕೆ ಬಲ ಕೊಟ್ಟಿತು. 1953ರಲ್ಲಿ ನಮ್ಮ ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. 1956ರಲ್ಲಿ ಕನ್ನಡ ನಾಡು ಒಂದಾಯಿತು. ಹಳಕಟ್ಟಿಯವರು ಅದನ್ನು ಕಾಣುವಷ್ಟು ಕಾಲ ಬದುಕಿದ್ದರು. ಈ ಐದೂ ಊರುಗಳು 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿವೆ.

ಜನಸೇವೆ

ಪುಸ್ತಕಪ್ರೇಮಿಗಳು ಅನೇಕ ವೇಳೆ ಜನರಿಂದ ದೂರವಾಗುತ್ತಾರೆ. ಹಳಕಟ್ಟಿಯವರು ಹಾಗಾಗಲಿಲ್ಲ. 1910ರಲ್ಲಿ ವಿಜಯಪುರದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಸ್ಥಾಪಿತವಾಗಲು ಅವರು ಮುಂದಾಳುಗಳಾದರು, ಬಿ.ಎಲ್.ಡಿ.ಇ. ಎಂದು ಹೆಸರಾದ ಆ ಸಂಸ್ಥೆ ಇಂದು ವೈದ್ಯಕೀಯ ಕಾಲೇಜು, ಇಂಜಿನಿಯರಿಂಗ್ ಕಾಲೇಜುಗಳವರೆಗೆ ಬೆಳೆದಿದೆ. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿದರು. ಬರದ ನಾಡಿನಲ್ಲಿ ಬಡವನಿಗೆ ಬಡ್ಡಿಯೇ ಎರಡನೆಯ ಬರವೆಂಬುದು ನಮ್ಮ ಭಾಗದ ರೈತರಿಗೆ ಹೇಳಿಕೊಡಬೇಕಾದ ಮಾತಲ್ಲ. ಸಾಲಗಾರನ ಬಾಗಿಲಿಗೆ ಹೋಗದೆ ತಮ್ಮತಮ್ಮಲ್ಲಿಯೇ ಹಣ ಕೂಡಿಸಿ ತಮ್ಮತಮ್ಮಲ್ಲಿಯೇ ಸಾಲ ಕೊಟ್ಟುಕೊಳ್ಳುವ ಏರ್ಪಾಡು ಅಂದಿಗೆ ತೀರ ಹೊಸದು. ನೇಕಾರರ ಸಂಘಟನೆಗೂ, ಬರ ಬಿದ್ದಾಗ ಪರಿಹಾರ ಕಾರ್ಯಕ್ಕೂ ಅವರು ದುಡಿದರು. ಊರಿನ ಪುರಸಭೆಯಲ್ಲಿಯೂ ಮುಂಬಯಿ ಶಾಸನಸಭೆಯಲ್ಲಿಯೂ ಸೇವೆ ಸಲ್ಲಿಸಿದರು.

ಅವರು ಕಟ್ಟಿದ ಬ್ಯಾಂಕು ಬೆಳೆಯಿತು, ಶಾಲೆ ಬೆಳೆಯಿತು. ಅವರ ಸ್ವಂತ ಗಂಟು ಮಾತ್ರ ಕರಗುತ್ತ ಹೋಯಿತು. ಅಚ್ಚಿನ ಕೆಲಸಕ್ಕೆ ಹಾಕಿದ ಹಣ ಹಿಂದಿರುಗಲಿಲ್ಲ. ಸರಕಾರ ರಾವ್‌ಬಹದ್ದೂರ್ ಎಂಬ ಬಿರುದನ್ನು ಕೊಟ್ಟಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಜನ ವಚನ ಪಿತಾಮಹರೆಂದು ಕರೆದರು. ಮನ್ನಣೆಗಳು ಬಂದರೂ ಮನೆಯ ಬಡತನ ತೀರಲಿಲ್ಲ. 1964ರ ಜೂನ್ 29ರಂದು, ಎಂಬತ್ತನಾಲ್ಕು ತುಂಬಲು ಮೂರು ದಿನಗಳಿದ್ದಾಗ, ಅವರು ದೈವಾಧೀನರಾದರು. ನಮ್ಮ ಪಂಚಾಂಗದಲ್ಲಿ ಅದು ಸಂತ ಪೇತ್ರ ಮತ್ತು ಸಂತ ಪೌಲರ ಹಬ್ಬದ ದಿನ.

ಅವರ ಬಿತ್ತನೆ ಹುಸಿಯಾಗಲಿಲ್ಲ. 1993ರಲ್ಲಿ ಕರ್ನಾಟಕ ಸರಕಾರವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಹದಿನೈದು ಸಂಪುಟಗಳಲ್ಲಿ ಹೊರತಂದಿತು. ವಿಜಯಪುರದಲ್ಲಿ ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರವಿದೆ. ಅವರ ಜನ್ಮದಿನವನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸಲಾಗುತ್ತಿದೆ.

ನಮಗೆ ಪಾಠ

ಪ್ರಿಯ ಕ್ರೈಸ್ತ ಬಂಧುಗಳೇ, ಈ ಜೀವನದಿಂದ ನಾವು ಕಲಿಯಬೇಕಾದುದೇನು? ಹಳಕಟ್ಟಿಯವರು ತೀರಿಕೊಂಡ ಮರುವರ್ಷ, 1965ರ ಅಕ್ಟೋಬರ್ 28ರಂದು, ಎರಡನೆಯ ವ್ಯಾಟಿಕನ್ ಮಹಾಸಭೆಯು ಅನ್ಯ ಧರ್ಮಗಳ ಕುರಿತ ತನ್ನ ಘೋಷಣೆಯನ್ನು ಹೊರಡಿಸಿತು. ಆ ಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಧರ್ಮಸಭೆಯು ತಿರಸ್ಕರಿಸುವುದಿಲ್ಲವೆಂದು ಅದು ಸಾರಿತು. ನೆರೆಯವರ ನಿಧಿಯನ್ನು ಗೌರವದಿಂದ ನೋಡುವುದು ನಮ್ಮ ವಿಶ್ವಾಸಕ್ಕೆ ಕುಂದಲ್ಲ. ಅದು ನಮ್ಮ ವಿಶ್ವಾಸವೇ ವಿಧಿಸಿದ ಕರ್ತವ್ಯ.

ಎರಡನೆಯ ಮಾತು ನಮ್ಮ ಮನೆಗೇ ಸಂಬಂಧಿಸಿದ್ದು. ಯೇಸುಸಭೆಯ ಸ್ವಾಮಿ ಥಾಮಸ್ ಸ್ಟೀಫನ್ಸರು ಗೋವೆಯ ಕಡೆ ರಚಿಸಿದ ಕ್ರಿಸ್ತಪುರಾಣವು 1616ರಲ್ಲಿ ಅಚ್ಚಾಯಿತು. ಅದೇ ಶತಮಾನದಲ್ಲಿ ಇನ್ನೆರಡು ಸಲ ಅಚ್ಚಾಯಿತು. ಆ ಮೂರು ಮುದ್ರಣಗಳ ಒಂದು ಪ್ರತಿಯೂ ಇಂದು ಉಳಿದಿಲ್ಲ. ಭಕ್ತರು ಮನೆಗಳಲ್ಲಿ ಕೈಬರಹದ ಪ್ರತಿಗಳನ್ನು ಇಟ್ಟುಕೊಂಡಿದ್ದರಿಂದ, 1907ರಲ್ಲಿ ಮಂಗಳೂರಿನಲ್ಲಿ ಜೆ. ಎಲ್. ಸಲ್ಡಾನ್ಹಾ ಎಂಬ ಕಥೋಲಿಕ ಗೃಹಸ್ಥರು ಅದನ್ನು ಸಂಪಾದಿಸಿ ಮತ್ತೆ ಮುದ್ರಿಸಲು ಸಾಧ್ಯವಾಯಿತು. ಅಚ್ಚಾದುದೆಲ್ಲ ಉಳಿಯುವುದಿಲ್ಲ, ಯಾರೋ ಒಬ್ಬರು ಕಾಪಾಡಿದುದು ಉಳಿಯುತ್ತದೆ.

ನಮ್ಮ ಧರ್ಮಕೇಂದ್ರದ ನೂರು ವರ್ಷಗಳ ನೆನಪು ಎಲ್ಲಿದೆ? ಜ್ಞಾನಸ್ನಾನದ, ವಿವಾಹದ, ಮರಣದ ದಾಖಲೆ ಪುಸ್ತಕಗಳಲ್ಲಿದೆ. ಹಿಂದಿನ ಉಪದೇಶಿಗಳು ಕೈಯಿಂದ ಬರೆದುಕೊಂಡ ಹಾಡಿನ ನೋಟುಬುಕ್ಕುಗಳಲ್ಲಿದೆ. ಅಜ್ಜಿಯರ ಟ್ರಂಕಿನಲ್ಲಿರುವ ಹಳೆಯ ಜಪದ ಪುಸ್ತಕಗಳಲ್ಲಿ, ಮಾಸಿದ ಭಾವಚಿತ್ರಗಳಲ್ಲಿದೆ. ಮನೆ ಕಟ್ಟುವಾಗ, ಸುಣ್ಣ ಬಳಿಯುವಾಗ, ಹಿರಿಯರು ತೀರಿಕೊಂಡಾಗ ಇಂಥವು ಹಳೆಯ ಕಾಗದದವನ ತಕ್ಕಡಿಗೆ ಸೇರುತ್ತವೆ. ಹಾಗಾಗಬಾರದು. ಈ ಶತಮಾನೋತ್ಸವ ವರ್ಷದಲ್ಲಿ ಪ್ರತಿ ಕುಟುಂಬವೂ ತನ್ನಲ್ಲಿರುವುದನ್ನು ಹುಡುಕಿ, ದೇವಾಲಯಕ್ಕೆ ತಂದು ತೋರಿಸಬೇಕೆಂದು ನಾವು ಕೋರುತ್ತೇವೆ. ಕೊಡಲು ಮನಸ್ಸಿಲ್ಲದವರು ಪ್ರತಿ ಮಾಡಿಸಿಕೊಂಡು ಮೂಲವನ್ನು ಹಿಂದಕ್ಕೆ ಒಯ್ಯಬಹುದು. ಹಳಕಟ್ಟಿಯವರೂ ಅನೇಕ ಕಡೆ ಹೀಗೆಯೇ ಮಾಡಿದರು. ನಮ್ಮ ಯುವಜನರು ಆ ಹಾಡುಗಳನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಲಿ. ಯಾವ ಹಾಡನ್ನು ಯಾರು ಕಲಿಸಿದರು, ಯಾವ ಊರಿನಲ್ಲಿ ಹಾಡುತ್ತಿದ್ದರು ಎಂಬುದನ್ನೂ ಅದರ ಪಕ್ಕದಲ್ಲಿ ಗುರುತುಮಾಡಲಿ.

ಮೂರನೆಯ ಮಾತು ದಾನದ್ದು. ಮಿಕ್ಕಿದುದನ್ನು ಕೊಡುವುದು ಸುಲಭ. ಕಾಣಿಕೆ ಪೆಟ್ಟಿಗೆಯಲ್ಲಿ ಎರಡು ಪುಟ್ಟ ಕಾಸುಗಳನ್ನು ಹಾಕಿದ ಬಡ ವಿಧವೆಯನ್ನು ಪ್ರಭು ಯೇಸುಕ್ರಿಸ್ತರು ಮೆಚ್ಚಿದುದು ಆಕೆ ತನ್ನ ಜೀವನಾಧಾರವನ್ನೇ ಕೊಟ್ಟಳೆಂಬುದಕ್ಕಾಗಿ. ತಲೆಯ ಮೇಲಿನ ಸೂರನ್ನೇ ಮಾರಿ, ಎಂದೋ ತೀರಿಹೋದ ಅಂಬಿಗನ, ಹಗ್ಗ ಹೊಸೆಯುವವನ, ಅಕ್ಕಿ ಆಯುವವಳ ಮಾತುಗಳನ್ನು ಉಳಿಸಿದ ಹಳಕಟ್ಟಿಯವರ ದಾನ ಆ ಜಾತಿಗೆ ಸೇರಿದ್ದು. ಅವರಿಗೆ ಅದರಿಂದ ಬಂದ ಲಾಭವಿಲ್ಲ. ನಾಡಿಗೆ ಬಂದ ಲಾಭಕ್ಕೆ ಲೆಕ್ಕವಿಲ್ಲ.

ನಮಗಿಂತ ಮುಂಚೆ ಈ ಒಣಭೂಮಿಯಲ್ಲಿ ವಿಶ್ವಾಸದ ಬೀಜ ಬಿತ್ತಿದವರನ್ನೂ, ಈ ನಾಡಿನ ನುಡಿಯನ್ನು ಕಾಯ್ದಿಟ್ಟವರನ್ನೂ ಬಲಿಪೂಜೆಯಲ್ಲಿ ಒಟ್ಟಾಗಿ ನೆನೆಯೋಣ. ಮುಂದಿನ ಶತಮಾನೋತ್ಸವದಲ್ಲಿ ನಮ್ಮ ಮೊಮ್ಮಕ್ಕಳು ತೆರೆದು ಓದಲು ಏನನ್ನಾದರೂ ಉಳಿಸಿಹೋಗುವ ಕೃಪೆಯನ್ನು ದೇವರು ನಮಗೆಲ್ಲ ದಯಪಾಲಿಸಲಿ.